ಶುದ್ಧ ನೀರಿದ್ದರೆ ಸೋಪಿನ ಪುಡಿ ಬೇಡವೇ?

ಪ್ರಶ್ನೆ: ನಮ್ಮದು ಕೋಲಾರ. ಮನೆಗೆ ಬೋರ್‌ವೆಲ್ ನೀರು, ತುಂಬಾ ಗಡಸು. ಪುಡಿ ಎಷ್ಟು ಹಾಕಿದರೂ ನೊರೆ ಬರುವುದಿಲ್ಲ, ಬಟ್ಟೆ ಒಣಗಿದ ಮೇಲೆ ಬಿರುಸಾಗುತ್ತದೆ. ಮೊನ್ನೆ ನೀರು ಶುದ್ಧ ಮಾಡುವ ಯಂತ್ರ ಮಾರುವವರೊಬ್ಬರು ಬಂದಿದ್ದರು. ಶುದ್ಧ ನೀರಿಗೆ ಕೊಳೆಯ ಹಸಿವು ಇರುತ್ತದಂತೆ, ಅದು ತಾನಾಗಿ ಕೊಳೆಯನ್ನು ಎಳೆದುಕೊಳ್ಳುತ್ತದಂತೆ. ಇಡೀ ಮನೆಗೆ ಆರ್‌ಒ ಹಾಕಿಸಿದರೆ ಸೋಪಿನ ಪುಡಿಯೇ ಬೇಡ ಎಂದರು. ನಂಬದೆ ಅಡುಗೆಮನೆಯ ಆರ್‌ಒ ನೀರಲ್ಲಿ ಒಂದು ಟವೆಲ್ ತೊಳೆದು ನೋಡಿದೆ. ಪುಡಿ ಹಾಕದಿದ್ದರೂ ನೊರೆ ಬಂತು! ಇದು ಹೇಗೆ? ಮಗಳಿಗೆ ಒಗೆದ ಬಟ್ಟೆ ಹಾಕಿಕೊಂಡರೆ ಕುತ್ತಿಗೆ, ಮೊಣಕೈ ಹತ್ತಿರ ಕೆರೆತ. ಪುಡಿ ಬಿಟ್ಟೇಬಿಡಬಹುದಾದರೆ ದುಡ್ಡು ಹೋದರೂ ಯಂತ್ರ ಹಾಕಿಸೋಣ ಅಂತಿದ್ದೇವೆ.

ಉತ್ತರ: ಯಂತ್ರಕ್ಕೆ ಮುಂಗಡ ಕೊಟ್ಟಿಲ್ಲ ಎಂದುಕೊಂಡಿದ್ದೇನೆ. ದಯವಿಟ್ಟು ಸ್ವಲ್ಪ ತಡೆಯಿರಿ.

ಶುದ್ಧ ನೀರು ಪುಡಿ ಇಲ್ಲದೆಯೂ ಕೊಳೆ ತೆಗೆಯುತ್ತದೆ ಎನ್ನುವುದು ಪೂರ್ತಿ ಸುಳ್ಳಲ್ಲ. ಬೆವರಿನ ಉಪ್ಪು, ಚೆಲ್ಲಿದ ಪಾನಕ, ಮೇಲೆ ಕೂತ ಧೂಳು ಬರೀ ನೀರಿಗೇ ಹೋಗುತ್ತವೆ. ಆದರೆ ಅವು ನಿಮ್ಮ ಬೋರ್‌ವೆಲ್ ನೀರಿಗೂ ಹೋಗುತ್ತವೆ. ಕಾಲರಿನ ಜಿಡ್ಡು, ಒಗ್ಗರಣೆಯ ಎಣ್ಣೆ, ಸ್ಕೂಟರಿನ ಗ್ರೀಸು ವಿಷಯಕ್ಕೆ ಬಂದರೆ ಎಂಥ ಶುದ್ಧ ನೀರಾದರೂ ಮನೆಯ ಬಕೆಟ್ಟಿನಲ್ಲಿ ಸೋಲುತ್ತದೆ. ನಿಮ್ಮ ಮನೆಗೆ ಬಟ್ಟೆ ಒಗೆಯಲು ಬೇಕಿರುವುದು ಮೆದು ನೀರು, ಅಂದರೆ ಗಡಸುತನ ಇಲ್ಲದ ನೀರು. ಅದಕ್ಕೆ ಆರ್‌ಒ ಬೇಕಿಲ್ಲ, ಅಷ್ಟು ಖರ್ಚೂ ಆಗುವುದಿಲ್ಲ.

ಮೊದಲು ಆ ಟವೆಲ್ಲಿನ ನೊರೆ. ಅದು ನೀರಿನ ಮಹಿಮೆ ಅಲ್ಲ, ನಿಮ್ಮ ಹಳೆಯ ಪುಡಿಯದ್ದೇ. ಗಡಸು ನೀರಲ್ಲಿ ಎಷ್ಟು ಸಲ ಜಾಲಿಸಿದರೂ ಬಟ್ಟೆಯ ಎಳೆಗಳ ನಡುವೆ ಸ್ವಲ್ಪ ಪುಡಿ ಉಳಿದೇ ಉಳಿಯುತ್ತದೆ. ಟವೆಲ್ ದಪ್ಪ ಬಟ್ಟೆ, ಅದರಲ್ಲಿ ಇನ್ನೂ ಜಾಸ್ತಿ. ಆ ಬಟ್ಟೆ ಮೆದು ನೀರಿಗೆ ಬಿದ್ದಾಗ ಉಳಿದದ್ದು ಬಿಟ್ಟುಕೊಳ್ಳುತ್ತದೆ. ಮೆದು ನೀರಿನಲ್ಲಿ ಚಿಟಿಕೆ ಪುಡಿ ಇದ್ದರೂ ಸಾಕು, ನೊರೆ ಏಳುತ್ತದೆ. ಅದೇ ಟವೆಲ್ಲನ್ನು ಆರ್‌ಒ ನೀರಿನಲ್ಲಿ ಮತ್ತೆ ಮತ್ತೆ ತೊಳೆದು ನೋಡಿ. ಸಲದಿಂದ ಸಲಕ್ಕೆ ನೊರೆ ಇಳಿದು ಕೊನೆಗೆ ನಿಂತುಹೋಗುತ್ತದೆ. ಪುಡಿ ಬೇಡ ಎಂದು ಮನೆಗೆ ಬಂದು ತೋರಿಸುವ ಎಷ್ಟೋ ಪ್ರದರ್ಶನಗಳಲ್ಲಿ ಆಗುವುದು ಇದೇ. ನಮ್ಮ ಬಟ್ಟೆಯಲ್ಲಿದ್ದ ನಮ್ಮದೇ ಪುಡಿಯನ್ನು ನಮಗೆ ತೋರಿಸಿ ಯಂತ್ರ ಮಾರುತ್ತಾರೆ.

ಈಗ 'ಹಸಿವಿನ' ಮಾತು. ನೀರಿನಲ್ಲಿ ಏನೂ ಕರಗಿಲ್ಲದಿದ್ದರೆ ಜಾಗ ಖಾಲಿ ಇರುತ್ತದೆ, ಹಾಗಾಗಿ ಕೊಳೆಯನ್ನು ಜೋರಾಗಿ ಎಳೆದುಕೊಳ್ಳುತ್ತದೆ ಎನ್ನುವ ವಾದ ಕೇಳಲು ಚೆನ್ನಾಗಿದೆ. ಲೆಕ್ಕ ಹಾಕಿದರೆ ನಿಲ್ಲುವುದಿಲ್ಲ. ಒಂದು ಲೀಟರ್ ನೀರಿನಲ್ಲಿ ಸುಮಾರು 360 ಗ್ರಾಂ ಅಡುಗೆ ಉಪ್ಪು ಕರಗುತ್ತದೆ. ನಿಮ್ಮ ಬೋರ್‌ವೆಲ್ ನೀರಿನ ಟಿಡಿಎಸ್, ಅಂದರೆ ಒಟ್ಟು ಕರಗಿದ ಲವಣ, ಲೀಟರಿಗೆ 1000 ಮಿಲಿಗ್ರಾಂ ಎಂದೇ ಇಟ್ಟುಕೊಳ್ಳೋಣ. ಅದು 1 ಗ್ರಾಂ. 360 ಗ್ರಾಂ ಹಿಡಿಯುವ ನೀರಿನಲ್ಲಿ 1 ಗ್ರಾಂ ತುಂಬಿದೆ ಅಷ್ಟೆ. ಬೆವರಿನ ಉಪ್ಪಿಗೆ ಅಲ್ಲಿ ಬೇಕಾದಷ್ಟು ಜಾಗ ಇದೆ. ಇನ್ನು ಎಣ್ಣೆ? ಅದು ಶುದ್ಧ ನೀರಲ್ಲೂ ಕರಗುವುದಿಲ್ಲ, ಗಡಸು ನೀರಲ್ಲೂ ಕರಗುವುದಿಲ್ಲ. ಖಾಲಿ ಜಾಗ ಎಷ್ಟಿದ್ದರೇನು, ಎಣ್ಣೆ ಒಳಗೆ ಬರುವುದೇ ಇಲ್ಲ.

ಏಕೆ ಬರುವುದಿಲ್ಲ ಎಂದರೆ, ನೀರಿನ ಕಣಗಳು ಒಂದನ್ನೊಂದು ಬಲವಾಗಿ ಹಿಡಿದುಕೊಂಡಿರುತ್ತವೆ. ಒಂದು ತುದಿಯಲ್ಲಿ ಸ್ವಲ್ಪ ಋಣ ವಿದ್ಯುತ್ತು, ಇನ್ನೊಂದು ತುದಿಯಲ್ಲಿ ಸ್ವಲ್ಪ ಧನ. ಉಪ್ಪು ಸಕ್ಕರೆಗಳು ಈ ಹಿಡಿತದೊಳಗೆ ಸೇರಿಕೊಳ್ಳಬಲ್ಲವು. ಎಣ್ಣೆಗೆ ಅಂಥ ತುದಿಗಳಿಲ್ಲ, ಅದಕ್ಕೆ ನೀರು ಅದನ್ನು ಹೊರಗಿಡುತ್ತದೆ. ಇದೇ ಹಿಡಿತದಿಂದ ನೀರಿನ ಮೇಲ್ಮೈ ಬಿಗಿಯಾಗಿರುತ್ತದೆ. 25 ಡಿಗ್ರಿ ಬಿಸಿಯಲ್ಲಿ ಶುದ್ಧ ನೀರಿನ ಮೇಲ್ಮೈ ಬಿಗಿತ ಮೀಟರಿಗೆ 72 ಮಿಲಿನ್ಯೂಟನ್. ಡಿಟರ್ಜೆಂಟ್ ಹಾಕಿದರೆ ಅದು 30ರ ಆಸುಪಾಸಿಗೆ ಇಳಿಯುತ್ತದೆ. ಆಗ ನೀರು ಹನಿಹನಿಯಾಗಿ ನಿಲ್ಲುವುದನ್ನು ಬಿಟ್ಟು ಹರಡುತ್ತದೆ, ಎಳೆಗಳ ಸಂದಿಗೆ ನುಗ್ಗುತ್ತದೆ. ನೀರನ್ನು ಎಷ್ಟೇ ಶುದ್ಧ ಮಾಡಿ, ಈ 72 ಕಡಿಮೆಯಾಗುವುದಿಲ್ಲ. ಈ ಒಂದು ಸಂಖ್ಯೆ ನೆನಪಿಟ್ಟುಕೊಂಡರೆ ಮಾರಾಟದ ಅರ್ಧ ಮಾತುಗಳಿಗೆ ಉತ್ತರ ಸಿಗುತ್ತದೆ.

ಇದನ್ನು ಅಳೆಯುವ ದಾರಿ ತೋರಿಸಿದವರಲ್ಲಿ ಒಬ್ಬರು ಆಗ್ನೆಸ್ ಪೋಕೆಲ್ಸ್, ಜರ್ಮನಿಯ ಬ್ರೌನ್‌ಶ್ವೈಗ್ ಊರಿನ ಮಹಿಳೆ. ಕಾಲೇಜಿಗೆ ಹೋಗಲು ಆಗ ಹೆಣ್ಣುಮಕ್ಕಳಿಗೆ ಅವಕಾಶ ಇರಲಿಲ್ಲ. ಅಪ್ಪ ಅಮ್ಮನನ್ನು ನೋಡಿಕೊಳ್ಳುತ್ತಾ, ಪಾತ್ರೆ ತೊಳೆಯುವ ನೀರಿನ ಮೇಲೆ ಜಿಡ್ಡು ಹರಡುವುದನ್ನು ಗಮನಿಸಿ, ಮನೆಯಲ್ಲೇ ತಗಡಿನ ತೊಟ್ಟಿ ಮಾಡಿಕೊಂಡು ಅಳತೆ ಮಾಡಿದರು. ಅವರ ಪತ್ರವನ್ನು ಇಂಗ್ಲೆಂಡಿನ ವಿಜ್ಞಾನಿ ಲಾರ್ಡ್ ರೇಲಿ ಮುತುವರ್ಜಿ ವಹಿಸಿ 1891ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಗುವಂತೆ ಮಾಡಿದರು. ಅಡುಗೆಮನೆಯಲ್ಲಿ ನಿಂತು ನೀವು ಟವೆಲ್ ತೊಳೆದು ನೋಡಿದ್ದು ಓದಿದಾಗ ನನಗೆ ಅವರೇ ನೆನಪಾದರು.

ಸರಿ, ಡಿಟರ್ಜೆಂಟ್ ಏನು ಮಾಡುತ್ತದೆ? ಅದರ ಒಂದೊಂದು ಕಣಕ್ಕೂ ನೀರನ್ನು ಇಷ್ಟಪಡುವ ತಲೆ, ಎಣ್ಣೆಯನ್ನು ಇಷ್ಟಪಡುವ ಬಾಲ. ಬಾಲಗಳು ಜಿಡ್ಡಿಗೆ ಚುಚ್ಚಿಕೊಳ್ಳುತ್ತವೆ, ತಲೆಗಳು ನೀರಿನ ಕಡೆ ನಿಲ್ಲುತ್ತವೆ. ಉಜ್ಜಿದಾಗ ಜಿಡ್ಡು ಉಂಡೆಯಾಗಿ ಬಟ್ಟೆಯಿಂದ ಕಳಚುತ್ತದೆ. ಇಲ್ಲಿಗೆ ಮುಗಿಯುವುದಿಲ್ಲ. ಕಳಚಿದ ಉಂಡೆ ಮತ್ತೆ ಬಟ್ಟೆಗೆ ಅಂಟದಂತೆ ನೀರಿನಲ್ಲೇ ತೇಲಿಸಿ ಹಿಡಿಯುವುದೂ ಅದರ ಕೆಲಸ. ಬರೀ ನೀರಲ್ಲಿ ಬಿಳಿ ಬಟ್ಟೆ ಒಗೆಯುತ್ತಾ ಹೋದರೆ ಅಂಗಿ ಮೆಲ್ಲಗೆ ಮಾಸಲು ಬಣ್ಣಕ್ಕೆ ತಿರುಗಲು ಇದೇ ಕಾರಣ. ಕಾಲರಿನಿಂದ ಬಿಟ್ಟ ಕೊಳೆ ಬೆನ್ನಿಗೆ ಹೋಗಿ ಕೂರುತ್ತದೆ. ಒಂದೆರಡು ಸಲ ಒಗೆದಾಗ ಗೊತ್ತಾಗುವುದಿಲ್ಲ, ತಿಂಗಳುಗಟ್ಟಲೆ ಒಗೆದಾಗ ಗೊತ್ತಾಗುತ್ತದೆ.

ಹಾಗಾದರೆ 'ಪೂರ್ತಿ ಸುಳ್ಳಲ್ಲ' ಎಂದು ಏಕೆ ಹೇಳಿದೆ? ಇಲ್ಲಿ ನಿಜವಾದ ವಿಜ್ಞಾನ ಇದೆ, ನನಗೆ ತುಂಬಾ ಇಷ್ಟವಾದ ಭಾಗವೂ ಇದೇ.

ಸ್ವೀಡನ್ನಿನ ಮಾಲ್ಮೋ ವಿಶ್ವವಿದ್ಯಾಲಯದ ಸಂಶೋಧಕರು ನುಣುಪಾದ ತಳದ ಮೇಲೆ ಕೊಬ್ಬಿನಂಥ ಪದಾರ್ಥವನ್ನು ತೆಳುವಾಗಿ ಹಚ್ಚಿ, ಬೇರೆ ಬೇರೆ ಶುದ್ಧತೆಯ ನೀರು ಅದನ್ನು ಎಷ್ಟು ತೆಗೆಯುತ್ತದೆ ಎಂದು ತೂಗಿ ನೋಡಿದರು. 2022ರಲ್ಲಿ ಅದು ಪ್ರಕಟವಾಯಿತು. ಡಿಟರ್ಜೆಂಟ್ ಇಲ್ಲದೆಯೂ, ನೀರು ಹೆಚ್ಚು ಶುದ್ಧವಾದಷ್ಟೂ ಜಿಡ್ಡು ಹೆಚ್ಚು ಕಳಚಿತು. ಸ್ವೀಡನ್ನಿನಲ್ಲಿ ಅಪಾರ್ಟ್‌ಮೆಂಟುಗಳ ಸಾಮೂಹಿಕ ಬಟ್ಟೆ ಒಗೆಯುವ ಕೋಣೆಗಳಲ್ಲಿ ಇಂಥ ನೀರಿನ ವ್ಯವಸ್ಥೆ ಹಾಕಿದ್ದೂ ಇದೆ.

ಹೀಗೇಕೆ ಆಗುತ್ತದೆ? ನೀರಿಗೆ ಬಿದ್ದ ಎಣ್ಣೆ ಹನಿ, ಮಣ್ಣಿನ ಕಣ, ಹತ್ತಿ ಎಳೆ, ಗಾಜು, ಇವೆಲ್ಲದರ ಮೈಮೇಲೂ ಸಾಮಾನ್ಯವಾಗಿ ಸ್ವಲ್ಪ ಋಣ ವಿದ್ಯುತ್ತು ಇರುತ್ತದೆ. ಋಣಕ್ಕೂ ಋಣಕ್ಕೂ ಆಗಿಬರುವುದಿಲ್ಲ, ಒಂದನ್ನೊಂದು ದೂಡುತ್ತವೆ. ಅಂದರೆ ಕೊಳೆ ಬಟ್ಟೆಯಿಂದ ದೂರ ಹೋಗಲು ತಾನೇ ತಯಾರಿದೆ. ಅದನ್ನು ತಡೆಯುವುದು ನೀರಿನಲ್ಲಿರುವ ಲವಣ. ಲವಣದ ಧನ ಅಯಾನುಗಳು, ಅಂದರೆ ಧನ ವಿದ್ಯುತ್ತು ಹೊತ್ತ ಕಣಗಳು, ಈ ಋಣ ಮೈಗಳ ಸುತ್ತ ನಿಂತು ದೂಡುವ ಬಲವನ್ನು ಮರೆಮಾಡುತ್ತವೆ. ಆ ಬಲ ಎಷ್ಟು ದೂರ ತಲುಪುತ್ತದೆ ಎಂಬುದಕ್ಕೆ ಲೆಕ್ಕ ಇದೆ. ಏನೇನೂ ಬೆರೆಯದ ನೀರಿನಲ್ಲಿ ಸುಮಾರು 1000 ನ್ಯಾನೋಮೀಟರ್. ಆ ನೀರನ್ನು ಗಾಳಿಗೆ ತೆರೆದಿಟ್ಟರೆ ಇಂಗಾಲದ ಡೈಆಕ್ಸೈಡ್ ಕರಗಿ 200ರ ಹತ್ತಿರಕ್ಕೆ ಬರುತ್ತದೆ. ಅಡುಗೆಮನೆಯ ಆರ್‌ಒ ನೀರು, ಟಿಡಿಎಸ್ 50 ಎಂದಿಟ್ಟುಕೊಂಡರೆ, ಬರೀ 10. ನಿಮ್ಮ ಬೋರ್‌ವೆಲ್ ನೀರಿನಲ್ಲಿ 2 ಅಥವಾ 3. ಅದರಲ್ಲೂ ಗಡಸು ನೀರಿನ ಕ್ಯಾಲ್ಸಿಯಂ ಇನ್ನೂ ಕೆಟ್ಟದ್ದು. ಅದಕ್ಕೆ ಎರಡು ಧನ ಕೈಗಳಿವೆ. ಒಂದರಲ್ಲಿ ಬಟ್ಟೆ, ಇನ್ನೊಂದರಲ್ಲಿ ಕೊಳೆ ಹಿಡಿದು ಎರಡನ್ನೂ ಜೋಡಿಸಿಬಿಡುತ್ತದೆ.

ಈ ಸಂಖ್ಯೆಗಳನ್ನು ಇನ್ನೊಂದು ಸಲ ನೋಡಿ. ಪ್ರಯೋಗಾಲಯದ ನೀರಿಗೂ ಆರ್‌ಒ ನೀರಿಗೂ ನಡುವೆ ಎಷ್ಟು ದೂರ! ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ತಂದರೂ ಅದು ಬಕೆಟ್ಟಿನಲ್ಲಿ ಶುದ್ಧವಾಗಿ ಉಳಿಯುವುದು ಬಟ್ಟೆ ಹಾಕುವ ತನಕ ಮಾತ್ರ. ಬೆವರಿನ ಅಂಗಿಯೊಂದರಲ್ಲಿ ಅರ್ಧ ಗ್ರಾಂ ಉಪ್ಪಿದ್ದರೆ, 20 ಲೀಟರ್ ನೀರಿನ ಟಿಡಿಎಸ್ ಅಲ್ಲೇ 25 ಏರುತ್ತದೆ. ಮನೆಮಂದಿಯ ಬಟ್ಟೆ, ಅದರಲ್ಲುಳಿದ ಹಳೇ ಪುಡಿ, ನೆಲದ ಧೂಳು ಎಲ್ಲ ಸೇರಿದರೆ ಹೇಳುವುದೇ ಬೇಡ. ಶುದ್ಧತೆಯಿಂದ ಬರುವ ಬಲ ಶುದ್ಧತೆಯ ಜೊತೆಗೇ ಹೋಗುತ್ತದೆ. ಪ್ರಯೋಗದಲ್ಲಿದ್ದದ್ದು ನುಣುಪು ತಳ, ತೆಳು ಪದರ, ಶುದ್ಧ ನೀರು. ನಮ್ಮ ಬಟ್ಟೆಯಲ್ಲಿರುವುದು ಸಾವಿರಾರು ಎಳೆ, ಸಂದಿ, ಬೆವರಲ್ಲಿ ನೆನೆದು ಬಿಸಿಲಲ್ಲಿ ಒಣಗಿ ಗಟ್ಟಿಯಾದ ಜಿಡ್ಡು. ಒಂದು ಸಲ ಹಾಕಿಕೊಂಡ, ಹೆಚ್ಚು ಕೊಳೆಯಾಗದ ಬಟ್ಟೆಗೆ ಆ ವಿಧಾನ ನಡೆಯಬಹುದು. ಕೋಲಾರದ ಬೇಸಿಗೆಯಲ್ಲಿ ಹೊಲಕ್ಕೋ ಶಾಲೆಯ ಮೈದಾನಕ್ಕೋ ಹೋಗಿಬಂದ ಬಟ್ಟೆಗೆ ನಡೆಯುವುದಿಲ್ಲ.

ಇನ್ನೊಂದು ದಾರಿಯನ್ನೂ ಹುಡುಕಿದವರಿದ್ದಾರೆ. ಆಸ್ಟ್ರೇಲಿಯಾದ ರಾಷ್ಟ್ರೀಯ ವಿಶ್ವವಿದ್ಯಾಲಯದ ರಿಚರ್ಡ್ ಪ್ಯಾಶ್ಲಿ ನೀರಿನಲ್ಲಿ ಕರಗಿದ ಗಾಳಿಯನ್ನು ತೆಗೆದು ನೋಡಿದರು. ಗಾಳಿ ತೆಗೆದ ನೀರಿಗೆ ಎಣ್ಣೆ ಹಾಕಿ ಕುಲುಕಿದರೆ, ಸೋಪು ಏನೂ ಇಲ್ಲದೆ ನೀರು ಹಾಲಿನಂತೆ ಮಬ್ಬಾಯಿತು. ಎಣ್ಣೆ ಸಣ್ಣ ಸಣ್ಣ ಹನಿಗಳಾಗಿ ಹರಡಿಕೊಂಡಿತು. 2003ರಲ್ಲಿ ಅವರು ಇದನ್ನು ಪ್ರಕಟಿಸಿದರು, 2005ರಲ್ಲಿ ಇಂಥ ನೀರು ಚೆನ್ನಾಗಿ ತೊಳೆಯುತ್ತದೆ ಎಂದೂ ಬರೆದರು. ಎಣ್ಣೆಯಂಥ ಮೈಗಳ ನಡುವೆ ಸೇರುವ ಸೂಕ್ಷ್ಮ ಗಾಳಿಗುಳ್ಳೆಗಳು ಅವನ್ನು ಒಂದಕ್ಕೊಂದು ಅಂಟಿಸುತ್ತವೆ, ಗಾಳಿ ಇಲ್ಲದಿದ್ದರೆ ಬಿಡಿಸುವುದು ಸುಲಭ ಎಂಬುದು ಅವರ ವಿವರಣೆ. ಆದರೆ ನೀರನ್ನು ಸುಮ್ನೆ ಕುದಿಸಿದರೆ ಇಷ್ಟು ಗಾಳಿ ಹೋಗುವುದಿಲ್ಲ. ನೀರನ್ನು ಹೆಪ್ಪುಗಟ್ಟಿಸಿ, ಪಂಪಿನಿಂದ ಗಾಳಿ ಎಳೆದು, ಮತ್ತೆ ಕರಗಿಸಿ, ಇದನ್ನೇ ಹಲವು ಸಲ ಮಾಡಬೇಕು. ಗಾಳಿಗೆ ತೆರೆದರೆ ನೀರು ಮತ್ತೆ ಗಾಳಿ ಹೀರಿಕೊಳ್ಳುತ್ತದೆ. ವಾಷಿಂಗ್ ಮೆಷಿನ್ ತಿರುಗುವುದೇ ಗಾಳಿ ಬೆರೆಸುತ್ತಾ, ಅಲ್ವಾ?

ಜಗತ್ತಿನಲ್ಲೇ ಅತಿ ಶುದ್ಧ ನೀರು ಬಳಸುವವರು ಯಾರು ಗೊತ್ತೇ? ಕಂಪ್ಯೂಟರ್ ಚಿಪ್ ಮಾಡುವ ಕಾರ್ಖಾನೆಯವರು. ಅವರ ನೀರಿನ ವಿದ್ಯುತ್ ತಡೆ 18 ಮೆಗಾಓಮ್-ಸೆಂಟಿಮೀಟರಿಗಿಂತ ಹೆಚ್ಚು, ಅಂದರೆ ಅದರಲ್ಲಿ ಅಯಾನುಗಳು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಬರೀ ನೀರು ಸಾಕಾಗುವುದಿದ್ದರೆ ಮೊದಲು ಅವರಿಗೆ ಸಾಕಾಗಬೇಕಿತ್ತು. ಆದರೆ ಅಮೆರಿಕದ ಆರ್‌ಸಿಎ ಕಂಪನಿಯಲ್ಲಿ ವರ್ನರ್ ಕರ್ನ್ 1965ರಲ್ಲಿ ರೂಪಿಸಿದ ವಿಧಾನ ಇಂದಿಗೂ ಆ ಉದ್ಯಮದ ತಳಹದಿ. ಅದರಲ್ಲಿ ಸಿಲಿಕಾನ್ ಬಿಲ್ಲೆಯನ್ನು ಮೊದಲು ಅಮೋನಿಯಾ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿದ ನೀರಿನಲ್ಲಿ, ಆಮೇಲೆ ಹೈಡ್ರೋಕ್ಲೋರಿಕ್ ಆಮ್ಲ ಮತ್ತು ಪೆರಾಕ್ಸೈಡ್ ಬೆರೆಸಿದ ನೀರಿನಲ್ಲಿ ತೊಳೆಯುತ್ತಾರೆ. ಕೊಳೆ ಬಿಡಿಸುವುದು ರಾಸಾಯನಿಕ. ಬಿಡಿಸಿದ್ದನ್ನು ಜಾಲಿಸಿ, ತನ್ನ ಗುರುತು ಉಳಿಸದೆ ಹೋಗುವುದು ಶುದ್ಧ ನೀರು.

ಶುದ್ಧ ನೀರಿನ ನಿಜವಾದ ದೊಡ್ಡತನ ಇಲ್ಲಿದೆ, ಅದು ಒಣಗಿದ ಮೇಲೆ ಏನೂ ಉಳಿಯುವುದಿಲ್ಲ. ಟಿಡಿಎಸ್ 1000 ಇರುವ ನೀರು ಒಂದು ಲೀಟರ್ ಆವಿಯಾದರೆ ಒಂದು ಗ್ರಾಂ ಬಿಳಿ ಪುಡಿ ಉಳಿಯುತ್ತದೆ. ಸ್ನಾನದ ಮನೆಯ ಕನ್ನಡಿ, ಸ್ಟೀಲ್ ನಲ್ಲಿ, ಕಾರಿನ ಗಾಜಿನ ಮೇಲಿನ ಬಿಳಿ ಚುಕ್ಕೆಗಳೆಲ್ಲ ಇದೇ. ವಿದೇಶಗಳಲ್ಲಿ ಎತ್ತರದ ಕಟ್ಟಡದ ಗಾಜನ್ನು ಉದ್ದ ಕೋಲಿನ ತುದಿಯ ಬ್ರಷ್ಷಿಗೆ ಶುದ್ಧ ನೀರು ಹರಿಸಿ ತೊಳೆಯುತ್ತಾರೆ. ಸೋಪಿಲ್ಲ, ಒರೆಸುವುದೂ ಇಲ್ಲ. ಅಲ್ಲಿ ಕೊಳೆ ಬಿಡಿಸುವುದು ಬ್ರಷ್ಷು, ಚುಕ್ಕೆ ಉಳಿಯದಂತೆ ನೋಡಿಕೊಳ್ಳುವುದು ನೀರು. ಸೌರ ಫಲಕಗಳದ್ದೂ ಇದೇ ಕಥೆ. ನಿಮ್ಮಿಂದ ಬಹಳ ದೂರವಿಲ್ಲದ ಪಾವಗಡದಲ್ಲಿ 2050 ಮೆಗಾವಾಟಿನ ಸೌರ ಪಾರ್ಕ್ ಇದೆ, ಸುಮಾರು 13,000 ಎಕರೆ. ಅಂಥ ಬರದ ಸೀಮೆಯಲ್ಲಿ ಫಲಕದ ಮೇಲೆ ಕೂರುವುದು ಒಣ ಧೂಳು. ಅದಕ್ಕೆ ಡಿಟರ್ಜೆಂಟ್ ಬೇಡ. ಆದರೆ ಗಡಸು ನೀರು ಹಾಕಿದರೆ ಸುಣ್ಣದ ಪದರ ಕೂತು ಬೆಳಕನ್ನೇ ತಡೆಯುತ್ತದೆ. ನಿಮ್ಮ ಮನೆಯ ಮೇಲೂ ಫಲಕ ಇದ್ದರೆ, ಮೆದು ಬ್ರಷ್ಷು ಮತ್ತು ಮಳೆನೀರು ಒಳ್ಳೆಯದು. ಕನ್ನಡಕ, ಕನ್ನಡಿಗಳನ್ನು ಕೊನೆಗೆ ಆರ್‌ಒ ನೀರಿನಲ್ಲಿ ಒಮ್ಮೆ ಜಾಲಿಸುವುದಕ್ಕೂ ಅರ್ಥ ಇದೆ.

ಬಟ್ಟೆಗೆ ಬರೋಣ. ನಿಮ್ಮ ನಿಜವಾದ ಶತ್ರು ಟಿಡಿಎಸ್ ಅಲ್ಲ, ಅದರೊಳಗಿನ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ. ನೀರಿನ ಪರೀಕ್ಷೆ ಮಾಡಿಸಿದ್ದರೆ ವರದಿಯಲ್ಲಿ 'ಒಟ್ಟು ಗಡಸುತನ' ಎಂಬ ಸಾಲು ನೋಡಿ. ಕುಡಿಯುವ ನೀರಿಗೆ ನಮ್ಮ ದೇಶದ ಮಾನದಂಡ ಐಎಸ್ 10500 ಪ್ರಕಾರ ಲೀಟರಿಗೆ 200 ಮಿಲಿಗ್ರಾಂ ಒಪ್ಪಬಹುದಾದ ಮಿತಿ. ಬೇರೆ ನೀರೇ ಇಲ್ಲದಿದ್ದರೆ 600ರ ತನಕ. ನಿಮ್ಮದು 400 ಎಂದುಕೊಳ್ಳೋಣ. ಅಷ್ಟು ಗಡಸು ನೀರಿಗೆ ಬಟ್ಟೆ ಸೋಪು ಹಾಕಿದರೆ, ಲೀಟರಿಗೆ ಸುಮಾರು ಎರಡೂವರೆ ಗ್ರಾಂ ಸೋಪು ಕ್ಯಾಲ್ಸಿಯಂ ಜೊತೆ ಸೇರಿ ಬೂದುಬಣ್ಣದ ಕಸವಾಗುತ್ತದೆ. 20 ಲೀಟರಿನ ಬಕೆಟ್ಟಿಗೆ ಸುಮಾರು 50 ಗ್ರಾಂ! ಬಟ್ಟೆಗೆ ಸೋಪು ತಾಗುವ ಮೊದಲೇ ಇಷ್ಟು ನಷ್ಟ. ನಿಮ್ಮ ಬಕೆಟ್ಟಿನ ಅಂಚಿಗೆ ಅಂಟುವ ಜಿಗುಟು ಪಟ್ಟಿ ಅದೇ. ಬಟ್ಟೆ ಬಿರುಸಾಗುವುದೂ ಅದರಿಂದ ಮತ್ತು ಒಣಗಿದ ಸುಣ್ಣದಿಂದ. ಡಿಟರ್ಜೆಂಟ್ ಪುಡಿ ಇಷ್ಟು ಕೆಡುವುದಿಲ್ಲ, ಆದರೆ ಅದರದ್ದೂ ಒಂದು ಪಾಲು ಗಡಸುತನದ ಜೊತೆ ಹೋರಾಡುವುದರಲ್ಲೇ ಮುಗಿಯುತ್ತದೆ. ಅದಕ್ಕೇ ಪುಡಿಯಲ್ಲಿ ಸೋಡಾ ಬೆರೆಸಿರುತ್ತಾರೆ. ಬೇಳೆ ಬೇಯದಿರುವುದೂ ಇದೇ ಕ್ಯಾಲ್ಸಿಯಂನಿಂದ, ನಿಮ್ಮ ಮನೆಯಲ್ಲೂ ನೋಡಿರುತ್ತೀರಿ.

ಈ ಕ್ಯಾಲ್ಸಿಯಂ ತೆಗೆಯಲು ಆರ್‌ಒ ಬಳಸುವುದು ನನ್ನ ಮಟ್ಟಿಗೆ ತಪ್ಪು. ಮನೆಯ ಆರ್‌ಒ ಒಂದು ಲೀಟರ್ ಒಳ್ಳೆಯ ನೀರು ಕೊಡಲು ಸುಮಾರು ಮೂರು ಲೀಟರ್ ಹೊರಗೆ ಬಿಡುತ್ತದೆ. ಒಂದು ಸಲದ ಬಟ್ಟೆಗೆ 60 ಲೀಟರ್ ಬೇಕಾದರೆ, 180 ಲೀಟರ್ ಚರಂಡಿಗೆ. ಬೋರ್‌ವೆಲ್ಲನ್ನು ಬಹಳ ಆಳಕ್ಕೆ ಕೊರೆಯಬೇಕಾದ ಜಿಲ್ಲೆಯಲ್ಲಿ ಕೂತು ಈ ಲೆಕ್ಕ ಬರೆಯಲು ನನಗೆ ಸಂಕಟ ಆಗುತ್ತದೆ. ಕುಡಿಯಲು ಬೇಕೇಬೇಕಾದರೆ ಬೇರೆ ಮಾತು. ಟವೆಲ್ ಒಗೆಯಲು ಬೇಡ.

ಗಡಸುತನ ತೆಗೆದು ನೀರನ್ನು ಮೆದು ಮಾಡುವ ಸಾಫ್ಟ್‌ನರ್ ಬೇರೆ ಯಂತ್ರ. ಅದರಲ್ಲಿ ರಾಳದ ಸಣ್ಣ ಗುಂಡುಗಳಿರುತ್ತವೆ. ಅವು ಕ್ಯಾಲ್ಸಿಯಂ ಹಿಡಿದುಕೊಂಡು ಸೋಡಿಯಂ ಬಿಡುತ್ತವೆ. ಆಗಾಗ ಉಪ್ಪುನೀರು ಹಾಯಿಸಿ ಗುಂಡುಗಳನ್ನು ಮತ್ತೆ ತಯಾರು ಮಾಡಬೇಕು, ಆಗ ಮಾತ್ರ ಸ್ವಲ್ಪ ನೀರು ಹೋಗುತ್ತದೆ. ಟಿಡಿಎಸ್ ಮೀಟರ್ ಇಟ್ಟು ನೋಡಿದರೆ ಅಂಕಿ ಇಳಿದಿರುವುದಿಲ್ಲ, ಹಾಗಾಗಿ ಯಂತ್ರ ಕೆಲಸ ಮಾಡುತ್ತಿಲ್ಲ ಎಂದು ಹೆದರಬೇಡಿ. ಗಡಸುತನ ಹೋಗಿರುತ್ತದೆ. ಬಟ್ಟೆಗೆ, ಸ್ನಾನಕ್ಕೆ, ಗೀಸರಿಗೆ ಅದು ಸಾಕು. ಆ ಉಪ್ಪುನೀರನ್ನು ಮಾತ್ರ ಗಿಡಕ್ಕೆ ಬಿಡಬೇಡಿ.

ಯಂತ್ರವೇ ಬೇಡ ಎಂದರೂ ದಾರಿ ಇದೆ. ದಿನಸಿ ಅಂಗಡಿಯಲ್ಲಿ ಸಿಗುವ ವಾಷಿಂಗ್ ಸೋಡಾ. 400 ಗಡಸುತನದ 20 ಲೀಟರ್ ನೀರಿಗೆ ಲೆಕ್ಕದ ಪ್ರಕಾರ ಸುಮಾರು ಎಂಟೂವರೆ ಗ್ರಾಂ ಒಣ ಪುಡಿ, ಹರಳಿನ ಸೋಡಾ ಆದರೆ 23 ಗ್ರಾಂ. ಹಿಂದಿನ ರಾತ್ರಿಯೇ ಡ್ರಮ್ಮಿನಲ್ಲಿ ಕಲಸಿಟ್ಟು, ಬೆಳಿಗ್ಗೆ ತಳದಲ್ಲಿ ಕೂತ ಸುಣ್ಣ ಕದಡದಂತೆ ಮೇಲಿನ ನೀರು ತೆಗೆದುಕೊಳ್ಳಿ. ನೇರ ಬಟ್ಟೆಯ ಮೇಲೆ ಸೋಡಾ ಸುರಿದರೆ ಆ ಸುಣ್ಣ ಬಟ್ಟೆಯಲ್ಲೇ ಕೂರುತ್ತದೆ. ರೇಷ್ಮೆ ಸೀರೆಗೆ, ಉಣ್ಣೆಗೆ ಸೋಡಾ ಹಾಕಲೇಬೇಡಿ, ಅವುಗಳ ಎಳೆ ಕ್ಷಾರಕ್ಕೆ ಹಾಳಾಗುತ್ತದೆ. ಅವಕ್ಕೆ ಅಂಟುವಾಳದ ಕಾಯಿ ಒಳ್ಳೆಯದು. ಅದರ ನೊರೆಯೂ ಡಿಟರ್ಜೆಂಟಿನಂತೆ ತಲೆ ಬಾಲ ಇರುವ ಪದಾರ್ಥದ್ದೇ, ಆದರೆ ಕ್ಷಾರ ಇಲ್ಲ. ಅಗಸರು ಚೌಳು ಮಣ್ಣು, ಬೂದಿ ಬಳಸುತ್ತಿದ್ದರಲ್ಲ, ಅದು ಸೋಡಾದ ಕೆಲಸ. ಡಿಟರ್ಜೆಂಟ್ ಇಲ್ಲದ ಕಾಲದಲ್ಲೂ ಯಾರೂ ಬರೀ ನೀರನ್ನು ನಂಬಿ ಕೂತಿರಲಿಲ್ಲ.

ಎಲ್ಲಕ್ಕಿಂತ ಒಳ್ಳೆಯದು ಮಳೆನೀರು. ಒಂದು ಚದರ ಮೀಟರ್ ಚಾವಣಿಗೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ನೂರು ಚದರ ಮೀಟರಿನ ತಾರಸಿಗೆ 20 ಮಿಲಿಮೀಟರ್ ಮಳೆ ಬಂದರೆ 2000 ಲೀಟರ್. ಸ್ವಲ್ಪ ಸೋರಿ, ಆವಿಯಾಗಿ ಹೋದರೂ ಹಲವು ಸಲದ ಬಟ್ಟೆಗೆ ಸಾಕು. ಮೊದಲ ಮಳೆಯ ಧೂಳುನೀರು ಬಿಟ್ಟು ಆಮೇಲಿನದ್ದು ಹಿಡಿಯಿರಿ. ಅದರಲ್ಲಿ ಗಡಸುತನ ಇಲ್ಲವೇ ಇಲ್ಲ ಎನ್ನಬಹುದು. ಮೆದು ನೀರು ಬಂದ ಮೇಲೆ ಪುಡಿಯನ್ನು ಅರ್ಧಕ್ಕೆ ಇಳಿಸಿ ನೋಡಿ, ಸಾಕೆನಿಸಿದರೆ ಇನ್ನೂ ಇಳಿಸಿ. ನೊರೆ ನೋಡಿ ಅಳೆಯಬೇಡಿ, ಕಾಲರ್ ನೋಡಿ ಅಳೆಯಿರಿ. ಪುಡಿ ಕಡಿಮೆಯಾದಷ್ಟೂ ಕೆರೆಗೆ ಹೋಗುವುದೂ ಕಡಿಮೆ. ಬೆಳ್ಳಂದೂರು, ವರ್ತೂರು ಕೆರೆಗಳಿಂದ ನೊರೆ ರಸ್ತೆಗೆ ಹಾರಿದ್ದನ್ನು ನಾವೆಲ್ಲ ನೋಡಿದ್ದೇವೆ. ಪುಡಿ ಬಿಡಬೇಕು ಎಂಬ ನಿಮ್ಮ ಆಸೆ ನನಗೆ ಅರ್ಥವಾಗುತ್ತದೆ, ಆ ಆಸೆ ಸರಿಯೇ.

ಪುಡಿ ಕಡಿಮೆ ಮಾಡಿದಾಗ ಬೇರೆ ಏನನ್ನಾದರೂ ಹೆಚ್ಚಿಸಬೇಕು. ಜರ್ಮನಿಯ ಹರ್ಬರ್ಟ್ ಸಿನ್ನರ್ 1959ರಲ್ಲಿ ಇದನ್ನು ಚೆನ್ನಾಗಿ ಹೇಳಿದರು. ತೊಳೆಯುವುದಕ್ಕೆ ನಾಲ್ಕು ಪಾಲು: ರಾಸಾಯನಿಕ, ಉಜ್ಜುವುದು, ಬಿಸಿ, ಸಮಯ. ಒಂದನ್ನು ಇಳಿಸಿದರೆ ಉಳಿದವನ್ನು ಏರಿಸಬೇಕು. ಹಾಗಾಗಿ ಜಾಸ್ತಿ ಹೊತ್ತು ನೆನೆಸಿ. ಮೈಜಿಡ್ಡಿನ ಹತ್ತಿ ಬಟ್ಟೆಗೆ ಬಿಸಿನೀರು ಬಳಸಿ, ಜಿಡ್ಡು ಕರಗಿ ಸಡಿಲವಾಗುತ್ತದೆ. ರಕ್ತದ ಕಲೆಗೆ ಮಾತ್ರ ತಣ್ಣೀರು, ಬಿಸಿಗೆ ಅದು ಗಟ್ಟಿಯಾಗಿ ಕೂತುಬಿಡುತ್ತದೆ. ಅರಿಶಿನದ ಕಲೆ ಸೋಪು ತಾಗಿ ಕೆಂಪಾದರೆ ಗಾಬರಿ ಬೇಡ, ಅದು ಕ್ಷಾರಕ್ಕೆ ಬಣ್ಣ ಬದಲಿಸುವ ಗುಣ. ಒದ್ದೆಯಿರುವಾಗಲೇ ಬಿಸಿಲಿಗೆ ಹಾಕಿದರೆ ಕ್ರಮೇಣ ಮಾಸುತ್ತದೆ.

ಮಾರುವವರ ಮಾತನ್ನು ನೀವೇ ಪರೀಕ್ಷಿಸಬೇಕಾದರೆ ಹೀಗೆ ಮಾಡಿ. ಹೊಸ ಬಿಳಿ ಹತ್ತಿ ಬಟ್ಟೆ ತಂದು, ಅದರ ಗಂಜಿ ಹೋಗುವ ತನಕ ಆರ್‌ಒ ನೀರಲ್ಲಿ ತೊಳೆದು ಮೂರು ತುಂಡು ಮಾಡಿ. ಮೂರಕ್ಕೂ ಒಂದೇ ಅಳತೆಯ ಸಾರಿನ ಒಗ್ಗರಣೆ ಎಣ್ಣೆ, ಮಣ್ಣು ಹಚ್ಚಿ ಒಂದು ರಾತ್ರಿ ಬಿಡಿ. ಒಂದನ್ನು ಬೋರ್‌ವೆಲ್ ನೀರಲ್ಲಿ, ಒಂದನ್ನು ಆರ್‌ಒ ನೀರಲ್ಲಿ, ಒಂದನ್ನು ಆರ್‌ಒ ನೀರಿಗೆ ಚಿಟಿಕೆ ಪುಡಿ ಹಾಕಿ, ಸಮನಾಗಿ ಉಜ್ಜಿ ಒಣಗಿಸಿ. ಮೊದಲೆರಡರ ನಡುವೆ ಸ್ವಲ್ಪ ವ್ಯತ್ಯಾಸ ಕಂಡರೂ ಕಾಣಬಹುದು. ಮೂರನೆಯದು ಬೇರೆಯೇ ಇರುತ್ತದೆ. ಯಾರಾದರೂ ಪುಡಿ ಇಲ್ಲದೆ ತೊಳೆದು ತೋರಿಸಿದರೆ, ಪಕ್ಕದಲ್ಲೇ ಬರೀ ನಲ್ಲಿ ನೀರಿನಲ್ಲೂ ತೊಳೆದು ತೋರಿಸಲು ಹೇಳಿ.

ಕೈ ತೊಳೆಯುವುದನ್ನು ಮಾತ್ರ ಈ ಪ್ರಯೋಗಕ್ಕೆ ಸೇರಿಸಬೇಡಿ. ಊಟಕ್ಕೆ ಮುಂಚೆ, ಶೌಚದ ನಂತರ ಸೋಪು ಬೇಕೇಬೇಕು. ನೀರು ಎಷ್ಟು ಶುದ್ಧವಾಗಿದ್ದರೂ ರೋಗಾಣುವನ್ನು ಕೊಲ್ಲುವುದಿಲ್ಲ. ಕೊರೊನಾದಂಥ ವೈರಸ್ಸಿನ ಕೊಬ್ಬಿನ ಕವಚ ಒಡೆಯುವುದು ಸೋಪಿನ ಬಾಲ.

ಕೊನೆಗೆ ಮಗಳ ಕೆರೆತ. ಬಟ್ಟೆಯಲ್ಲಿ ಉಳಿದ ಪುಡಿ ಕಾರಣ ಇರಬಹುದು ಎಂಬ ನಿಮ್ಮ ಅನುಮಾನಕ್ಕೆ ಆ ಟವೆಲ್ಲಿನ ನೊರೆಯೇ ಒಂದು ಸುಳಿವು. ಅವಳ ಬಟ್ಟೆ ಬೇರೆ ನೆನೆಸಿ. ಸುವಾಸನೆ ಇಲ್ಲದ ಡಿಟರ್ಜೆಂಟ್ ಸ್ವಲ್ಪವೇ ಹಾಕಿ. ಬಟ್ಟೆ ಮೆತ್ತಗಾಗಲು ಹಾಕುವ ದ್ರಾವಣ ಬಿಟ್ಟುಬಿಡಿ. ಕೊನೆಯ ಜಾಲಿಸುವಿಕೆಗೆ ಮೆದು ನೀರು ಬಳಸಿ, ನೀರಿನಲ್ಲಿ ನುಣುಪು ಹೋಗುವ ತನಕ ಜಾಲಿಸಿ. ಆದರೆ ನೀರು ಮೆದುವಾದರೆ ಕೆರೆತ ವಾಸಿಯಾಗುತ್ತದೆ ಎಂದು ನಾನು ಭರವಸೆ ಕೊಡಲಾರೆ. ಇಂಗ್ಲೆಂಡಿನಲ್ಲಿ ಎಕ್ಸಿಮಾ ಎಂಬ ಚರ್ಮದ ಕೆರೆತದ ಕಾಯಿಲೆ ಇದ್ದ 336 ಮಕ್ಕಳನ್ನು ಸೇರಿಸಿಕೊಂಡು, ಅರ್ಧ ಮಕ್ಕಳ ಮನೆಗೆ ಸಾಫ್ಟ್‌ನರ್ ಹಾಕಿ ಪರೀಕ್ಷೆ ಮಾಡಿದ್ದರು. 2011ರಲ್ಲಿ ಪ್ರಕಟವಾದ ಆ ಫಲಿತಾಂಶದಲ್ಲಿ, ಮಾಮೂಲಿ ಚಿಕಿತ್ಸೆಗಿಂತ ಹೆಚ್ಚಿನ ಲಾಭ ಕಾಣಲಿಲ್ಲ. ಕುತ್ತಿಗೆ ಮತ್ತು ಮೊಣಕೈ ಮಡಿಕೆಯ ಕೆರೆತ ಎಕ್ಸಿಮಾ ಇರುವ ಮಕ್ಕಳಲ್ಲಿ ಸಾಮಾನ್ಯ. ಯಂತ್ರದ ಮುಂಗಡಕ್ಕೆ ಇಟ್ಟ ದುಡ್ಡಿನಲ್ಲಿ ಮೊದಲು ಅವಳನ್ನು ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಹೋಗುವಾಗ ಈಗ ಬಳಸುವ ಪುಡಿಯ ಪ್ಯಾಕೆಟ್ಟನ್ನೂ, ನೀರಿನ ಪರೀಕ್ಷೆಯ ವರದಿಯನ್ನೂ ಜೊತೆಗೆ ಒಯ್ಯಿರಿ.